ಸೀರಿಸ್ ಮೇಲಿನ ಬಿಳಿ ಚುಕ್ಕೆ

ಬಿರ್ಕೆನ್‌ರೋಡೆ
ಫೆಬ್ರವರಿ ೨೦, ಶುಕ್ರವಾರ

ಪ್ರೀತಿಯ ಹೆಡ್ವಿಗ್,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡು ನೀನು ಮೊದಲು ಕ್ಯಾಲೆಂಡರ್ ನೋಡಿರುತ್ತೀಯ. ಇಲ್ಲ, ಕ್ರಿಸ್ಮಸ್ ಬಂದಿಲ್ಲ. ಹತ್ತು ವರ್ಷಕ್ಕೆ ಹತ್ತು ಕಾರ್ಡು ಕಳಿಸಿದೆ, ಅಚ್ಚಾದ ಹಾರೈಕೆಯ ಕೆಳಗೆ ಹೆಸರು ಗೀಚಿದ್ದು ಬಿಟ್ಟರೆ ಒಂದಕ್ಷರ ಹೆಚ್ಚು ಬರೆಯಲಿಲ್ಲ. ಅಂಥವಳಿಂದ ಇದ್ದಕ್ಕಿದ್ದಂತೆ ನಾಲ್ಕು ಹಾಳೆಯ ಪತ್ರ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ನಿನ್ನ ಅನುಮಾನ ಸರಿಯೇ, ಸ್ವಾರ್ಥಕ್ಕೇ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಕೇಳುವ ಮುಖವೂ ನನಗಿಲ್ಲ. ಹೆದರಿಕೆಯಾಗಿದೆ ಹೆಡಿ, ಅದನ್ನು ಹೇಳಿಕೊಳ್ಳಲು ನಿನ್ನನ್ನು ಬಿಟ್ಟರೆ ನನಗೆ ಇನ್ನೊಬ್ಬರಿಲ್ಲ.

ನಿನ್ನ ಮಂಡಿ ಹೇಗಿದೆ? ಸಮುದ್ರದ ಗಾಳಿ ಮೂಳೆಗೆ ಒಳ್ಳೆಯದಲ್ಲ ಎಂದು ನೀನು ಉತ್ತರಕ್ಕೆ ಹೊರಟಾಗಲೇ ಎಲ್ಲರೂ ಹೇಳಿದ್ದರು. ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನಿಲ್ಲ. ಸಂಸ್ಥೆ ಹೋದ ವರ್ಷ ನಗರದ ಹೊಸ ಕಟ್ಟಡಕ್ಕೆ ಹೊರಟುಹೋಯಿತು. ನಾವಿಬ್ಬರೂ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಹಳೆಯ ಕಟ್ಟಡ ಸಕ್ಕರೆ ಬೀಟ್‌ರೂಟಿನ ಹೊಲಗಳ ನಡುವೆ ಖಾಲಿ ನಿಂತಿದೆ. ನಾನು ನಿವೃತ್ತಳಾಗಿ ಮೂರು ವರ್ಷವಾಯಿತು. ಮೊನ್ನೆ ಬುಧವಾರ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡೆ. ಪಾದ್ರಿಗಳು ‘ನೀನು ಮಣ್ಣು, ಮಣ್ಣಿಗೇ ಮರಳುವೆ’ ಎನ್ನುವಾಗ ಪ್ರತಿವರ್ಷ ನನಗೆ ಆಕಳಿಕೆ ಬರುತ್ತಿತ್ತು, ಈ ಸಲ ಒಂದೊಂದು ಅಕ್ಷರವೂ ಕಿವಿಗೆ ಬಿತ್ತು. ಅದಕ್ಕೆ ಕಾರಣ ಹಿಂದಿನ ದಿನ ಬಂದ ಫೋನು.

ಕ್ಲಾವಿಟ್ಟರ್ ನೆನಪಿದ್ದಾನಲ್ಲ, ಬುತ್ತಿ ಮರೆತು ಬಂದು ನಿನ್ನ ಬ್ರೆಡ್ಡಿನಲ್ಲಿ ಅರ್ಧ ತಿನ್ನುತ್ತಿದ್ದವನು? ಈಗ ಅವನೇ ಕ್ಯಾಮೆರಾ ತಂಡದ ಮುಖ್ಯಸ್ಥ, ತಲೆ ಪೂರ್ತಿ ಬೋಳು. ನಾವು ಜೋಡಿಸಿದ ಕ್ಯಾಮೆರಾವನ್ನು ಹೊತ್ತ ಬಾಹ್ಯಾಕಾಶ ನೌಕೆ ಇಷ್ಟು ವರ್ಷ ಪ್ರಯಾಣ ಮಾಡಿ, ಮಂಗಳನನ್ನು ದಾಟಿ, ಕಲ್ಲುಬಂಡೆಗಳೆಲ್ಲ ಸೂರ್ಯನನ್ನು ಸುತ್ತುವ ಆ ಪಟ್ಟಿಗೆ ಬಂದಿದೆಯಂತೆ. ಅಲ್ಲಿನ ಅತಿ ದೊಡ್ಡ ಉಂಡೆ ಸೀರಿಸ್, ಕುಬ್ಜ ಗ್ರಹ ಅಂತ ಕರೆಯುತ್ತಾರಲ್ಲ, ಅದರ ಹತ್ತಿರ ತಲುಪಿ ಕ್ಯಾಮೆರಾ ಮುಚ್ಚಳ ತೆರೆಯಿತು. ಅವನು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ.

“ಕೋಲ್ಮನ್ ಅವ್ರೇ, ಕೂತ್ಕೊಂಡಿದ್ದೀರಾ? ನಮ್ಮ ಹುಡುಗಿ ಕಣ್ಣು ಬಿಟ್ಳು. ಆದ್ರೆ ಕಣ್ಣಲ್ಲಿ ಏನೋ ಬಿದ್ದಿರೋ ಹಾಗಿದೆ.”

ಅವನು ತಮಾಷೆಗೆ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಸೀರಿಸ್ ಇದ್ದಿಲಿನಷ್ಟು ಕಪ್ಪಗಿದೆಯಂತೆ. ಆ ಕಪ್ಪಿನ ನಡುವೆ, ಒಂದು ಕುಳಿಯ ಹತ್ತಿರ, ಕಣ್ಣು ಕುಕ್ಕುವಂಥ ಒಂದು ಬಿಳಿ ಚುಕ್ಕೆ. ಅಷ್ಟು ಬೆಳ್ಳಗಿರುವಂಥದ್ದು ಅಲ್ಲಿ ಏನೂ ಇರಲು ಸಾಧ್ಯವಿಲ್ಲ ಎಂದು ಅರ್ಧ ಜನ, ಮಂಜುಗಡ್ಡೆ ಇರಬಹುದು ಎಂದು ಉಳಿದರ್ಧ ಜನ ವಾದ ಮಾಡುತ್ತಿದ್ದಾರೆ. ಯಾವುದಕ್ಕೂ ಕ್ಯಾಮೆರಾದ್ದೇ ದೋಷವಲ್ಲ ಎಂದು ಖಾತ್ರಿ ಮಾಡಿಕೊಳ್ಳೋಣವೆಂದು ಅವನು ಜೋಡಣೆಯ ಹಳೆಯ ಕಡತ ತರಿಸಿದ್ದಾನೆ. ಗಾಜು ಕೂರಿಸಿದ ಕೆಲಸದ ಹಾಳೆಯಲ್ಲಿ ಎರಡು ಸಹಿ ಇದೆ ಎಂದ. ನನ್ನದು, ನಿನ್ನದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಯಾರಾದರೂ ಕೇಳಿದರೆ ಇಬ್ಬರ ಬಾಯಲ್ಲೂ ಒಂದೇ ಮಾತು ಬರಲಿ ಎಂದು.

ಹತ್ತು ಕ್ರಿಸ್ಮಸ್ಸಿನ ಹಿಂದಿನ ಅಕ್ಟೋಬರ್ ತಿಂಗಳು, ಮಧ್ಯಾಹ್ನ, ಧೂಳು ಸುಳಿಯದ ನಮ್ಮ ಶುದ್ಧ ಕೋಣೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್‌ನ ಮುಂದಿನ ಪುಟ್ಟ ಗಾಜನ್ನು ಕೂರಿಸಿ, ಅದರ ಸುತ್ತಿನ ಚೌಕಟ್ಟಿಗೆ ಎಂಟು ಸ್ಕ್ರೂ ಹಾಕುವ ಕೆಲಸ. ನಾಲ್ಕು ಕಣ್ಣಿನ ನಿಯಮ: ಒಬ್ಬಳು ಮಾಡಬೇಕು, ಇನ್ನೊಬ್ಬಳು ಪಕ್ಕದಲ್ಲಿ ನಿಂತು ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ಎರಡು ಗಂಟೆ ಇಪ್ಪತ್ತಕ್ಕೆ ಹೊರಗಿನ ಕೋಣೆಯ ಫೋನು ಬಿಡದೆ ಹೊಡೆದುಕೊಂಡಿತು, ನೀನು ಹೋದೆ. ಆಸ್ಪತ್ರೆಯವರು. ನನ್ನ ಗಂಡ ಎಗೊನ್ ತೋಟದಲ್ಲಿ ಕುಸಿದುಬಿದ್ದಿದ್ದ. ಸದ್ಯಕ್ಕೆ ಅಪಾಯವಿಲ್ಲ ಎಂದು ಅವರು ನಿನಗೆ ಹೇಳಿದರು. ಗಾಜು ತೆರೆದು ಕೂತವಳ ಕೈ ನಡುಗದಿರಲಿ, ಮುಗಿಸಿ ಹೊರಗೆ ಬಂದ ಮೇಲೆ ಹೇಳೋಣವೆಂದು ನೀನು ಕಿಟಕಿಯಾಚೆ ಕಾದೆ. ಮೂರೂಕಾಲಿಗೆ ಹೇಳಿದೆ. ಮೂರಕ್ಕೇ ಎಗೊನ್ ಹೋಗಿಯಾಗಿತ್ತು. ‘ರೋಸಿ ಹೊರಟ್ಲಾ?’ ಎಂದು ಎರಡು ಸಲ ಕೇಳಿದ್ದನಂತೆ, ನರ್ಸ್ ಹೇಳಿದಳು.

ಸ್ಮಶಾನದಲ್ಲಿ ಊರವರೆಲ್ಲರ ಮುಂದೆ ನಾನು ನಿನಗೆ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ಮರೆತಿರುವುದಿಲ್ಲ.

ನಿನಗೆ ಗೊತ್ತಿಲ್ಲದ್ದು ಇಷ್ಟು. ನೀನು ಹೊರಗಿದ್ದಾಗ ಆ ಗಾಜಿನ ಮೇಲೆ ಒಂದು ಹನಿ ಬಿತ್ತು. ಬೆವರು. ಕನ್ನಡಕದ ಅಂಚಿನಿಂದ ಜಾರಿ, ಎಡಗಡೆಯ ಮೇಲಿನ ಮೂಲೆಗೆ. ಹಾಗಾದರೆ ಏನು ಮಾಡಬೇಕೆಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ನಾನೇ: ಕೈ ನಿಲ್ಲಿಸು, ಎರಡನೆಯವರನ್ನು ಕರೆ, ಬರೆದಿಡು, ಎಲ್ಲ ಬಿಚ್ಚಿ ಮೊದಲಿಂದ ತೊಳೆ. ಎರಡು ವಾರದ ಕೆಲಸ. ನಾನು ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ದೀಪ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ‘ಶುದ್ಧವಾಗಿದೆ’ ಎಂದು ಬರೆದು ಸಹಿ ಹಾಕಿದೆ. ಮರುದಿನ, ನನ್ನ ಮುಖ ನೋಡಲಾರದೆ, ನೀನು ಕಣ್ಣಿಂದ ನೋಡದ ಕೆಲಸದ ಕೆಳಗೆ ನಿನ್ನ ಸಹಿಯನ್ನೂ ಹಾಕಿದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ನಿಜ. ಆದರೆ ನನ್ನ ಜೊತೆ ನೀನೂ ಕುಡಿಯಬೇಕಾಗಿ ಬರಬಹುದು. ಒಂದು ಹನಿ ಒಣಗಿ ಬೆಳ್ಳಗಾಗಿ, ಅದನ್ನೇ ಇಡೀ ಜಗತ್ತು ಇಣುಕಿ ನೋಡುತ್ತಿದ್ದರೆ? ಪತ್ರಿಕೆಯಲ್ಲಿ ಆ ಚಿತ್ರ ಬಂದಿದೆ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ನೋಡುತ್ತೇನೆ, ಮಡಚಿ ಡ್ರಾಯರಿನಲ್ಲಿ ಇಡುತ್ತೇನೆ, ಮತ್ತೆ ತೆಗೆಯುತ್ತೇನೆ. ಮೂರು ದಿನದಿಂದ ಸಾರು ಬಿಟ್ಟರೆ ಏನೂ ಇಳಿಯುತ್ತಿಲ್ಲ. ಬರುವ ಗುರುವಾರ ಹೊಸ ಚಿತ್ರಗಳು ಬರುತ್ತವಂತೆ, ಹಳಬರನ್ನೆಲ್ಲ ಕರೆದಿದ್ದಾರೆ. ಹೋಗದಿದ್ದರೆ ಅನುಮಾನ, ಹೋದರೆ ಮುಖ ನೋಡಿದವರಿಗೇ ಗೊತ್ತಾಗುತ್ತದೆ.

ಏನು ಹೇಳಲಿ ಅವರಿಗೆ? ಬೇಗ ಬರೆ.

ನಿನ್ನ
ರೋಸ್ವಿಥಾ


ಬಿರ್ಕೆನ್‌ರೋಡೆ
ಫೆಬ್ರವರಿ ೨೭

ಹೆಡಿ,

ನಿನ್ನ ಪತ್ರ ಗುರುವಾರ ಬೆಳಿಗ್ಗೆಯೇ ಸಿಕ್ಕಿತು. ಬಸ್ಸಿನಲ್ಲಿ ಓದಿದೆ. ‘ಎಲ್ಲಾ ನನ್ನ ತಲೆಗೆ ಕಟ್ಟು ರೋಸಿ. ನೋಡದೇ ಸಹಿ ಹಾಕಿದ್ದು ನಾನು ಅಂತ ಅವರಿಗೆ ನಾನೇ ಬರೀತೀನಿ. ಎಗೊನ್ ವಿಷಯದಲ್ಲಿ ನಿನಗೆ ಮಾಡಿದ್ದಕ್ಕೆ ಇಷ್ಟಾದರೂ ಮಾಡದಿದ್ರೆ ನಾನೇನು ಮನುಷ್ಯಳಾ?’ ಈ ಸಾಲನ್ನು ಎಷ್ಟು ಸಲ ಓದಿದೆನೋ, ನಗರ ಬಂದು ಎರಡು ನಿಲ್ದಾಣ ದಾಟಿಹೋಗಿತ್ತು. ವಾಪಸ್ಸು ನಡೆದುಕೊಂಡು ಬಂದೆ.

ದಯವಿಟ್ಟು ಯಾರಿಗೂ ಏನೂ ಬರೆಯಬೇಡ. ಬೇಕಾಗಿಯೂ ಇಲ್ಲ. ಕೇಳು.

ಹೊಸ ಕಟ್ಟಡದ ಸಭಾಂಗಣದಲ್ಲಿ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತೆ. ಕ್ಲಾವಿಟ್ಟರ್ ಎದ್ದು ನಿಂತು, ಇವತ್ತು ಎಲ್ಲ ವಾದ ಮುಗಿಯುತ್ತದೆ ಎಂದ. ಸೀರಿಸ್ ಒಂಬತ್ತು ಗಂಟೆಗೆ ಒಂದು ಸಲ ತನ್ನ ಸುತ್ತ ತಿರುಗುತ್ತದೆ. ಆ ಒಂಬತ್ತೂ ಗಂಟೆ ಬಿಡದೆ ಚಿತ್ರ ತೆಗೆದಿದ್ದಾರೆ.

“ಕೊಳೆ ನಮ್ಮ ಗಾಜಿನ ಮೇಲಿದ್ರೆ ಚುಕ್ಕೆ ಕೂತಲ್ಲೇ ಕೂತಿರುತ್ತೆ, ಕೆಳಗೆ ಸೀರಿಸ್ ಮಾತ್ರ ತಿರುಗುತ್ತೆ. ಸೀರಿಸ್ ಮೇಲೇ ಇದ್ರೆ ಅದರ ಜೊತೆ ಹೋಗುತ್ತೆ,” ಎಂದ.

ದೀಪ ಆರಿಸಿದರು. ಪರದೆಯ ಮೇಲೆ ಆ ಕಪ್ಪು ಉಂಡೆ, ಮೈತುಂಬ ಕುಳಿ. ಚುಕ್ಕೆ ಮೊದಲ ಚಿತ್ರದಲ್ಲಿ ಎಡಗಡೆಗಿತ್ತು, ಎಡಗಡೆಯ ಮೇಲಿನ ಮೂಲೆಗೆ. ಎರಡನೆಯದರಲ್ಲೂ ಸರಿಸುಮಾರು ಅಲ್ಲೇ. ಮೂರನೆಯದರಲ್ಲಿ ಕೂದಲೆಳೆಯಷ್ಟು ಸರಿದಂತೆ ಕಂಡಿತು. ನನ್ನ ಕಣ್ಣೇ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ನಾಲ್ಕು, ಐದು, ಆರು. ನಡೆದುಕೊಂಡು ಹೊರಟಿತು ಹೆಡಿ. ನಡುವಿಗೆ ಬಂತು, ಅಲ್ಲಿ ಅದು ಒಂದಲ್ಲ, ಎರಡು ಎಂದು ಕಂಡಿತು. ಬಲಗಡೆಯ ಅಂಚಿಗೆ ಹೋಗಿ, ಆ ಕಡೆಯ ಕತ್ತಲೆಯಲ್ಲಿ ಮುಳುಗಿತು. ಆಮೇಲೆ ಏಳೆಂಟು ಚಿತ್ರ ಬರೀ ಕಪ್ಪು. ಮತ್ತೆ ಎಡಗಡೆಯಿಂದ ಹುಟ್ಟಿಬಂತು.

ಎಲ್ಲರೂ ಗೆಣ್ಣಿನಿಂದ ಮೇಜು ತಟ್ಟತೊಡಗಿದರು. ಇಲ್ಲಿನವರು ಪಂಡಿತರ ಸಭೆಯಲ್ಲಿ ಚಪ್ಪಾಳೆ ಹೊಡೆಯುವುದಿಲ್ಲವಲ್ಲ. ನೂರು ಜನ ಒಟ್ಟಿಗೆ ತಟ್ಟಿದ ಸದ್ದು. ಹೋದ ಜೀವ ಬಂದಂತಾಗಿ ನಾನೂ ತಟ್ಟಬೇಕಿತ್ತು. ಆಗಲಿಲ್ಲ. ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡೆ. ಪಕ್ಕದ ಹೆಂಗಸು ನನಗೆ ತಲೆಸುತ್ತು ಬಂತೆಂದು ನೀರು ತಂದುಕೊಟ್ಟಳು.

ಚುಕ್ಕೆ ನನ್ನದಲ್ಲ. ನಾವಿಬ್ಬರೂ ಬದುಕಿಕೊಂಡೆವು. ಇಷ್ಟೇ ಬರೆಯಲು ಕೂತದ್ದು.

ನಿನ್ನ ಪತ್ರದ ಕೊನೆಗೆ ಪೆನ್ಸಿಲಿನಲ್ಲಿ ಒಂದು ಸಾಲು ಗೀಚಿದ್ದೀಯಲ್ಲ, ‘ಇಪ್ಪತ್ತೊಂದು ಡಿಗ್ರಿ ಕೋಣೆಯಲ್ಲಿ ನೀನು ಬೆವರಿದ್ದು ನಾನು ಒಂದು ದಿನಾನೂ ನೋಡಿಲ್ವಲ್ಲೇ?’ ಎಂದು. ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಅಂಚೆಯವನು ಬರುವ ಹೊತ್ತು.

ರೋಸಿ


ಬಿರ್ಕೆನ್‌ರೋಡೆ
ಡಿಸೆಂಬರ್ ೧೩, ಭಾನುವಾರ

ಪ್ರೀತಿಯ ಹೆಡಿ,

ಇನ್ನೊಮ್ಮೆ ಎಂದವಳು ಹತ್ತು ತಿಂಗಳು ತೆಗೆದುಕೊಂಡೆ. ನೀನು ಈ ನಡುವೆ ಮೂರು ಪತ್ರ ಬರೆದೆ, ಒಣಗಿಸಿದ ಮೀನು ಕಳಿಸಿದೆ, ಅದು ತಲುಪಿತೆಂದು ಹೇಳುವ ಸೌಜನ್ಯವೂ ನನಗೆ ಬರಲಿಲ್ಲ. ಮೀನು ಚೆನ್ನಾಗಿತ್ತು. ಬದಲಿಗೆ ನಮ್ಮ ಕಡೆಯ ಒಣ ಸಾಸೇಜು ಒಂದು ಕಟ್ಟು ಕಳಿಸುತ್ತಿದ್ದೇನೆ. ಅಂಗಡಿಯದಲ್ಲ, ಪಕ್ಕದ ಮನೆಯವರು ತಮ್ಮ ಅಟ್ಟದಲ್ಲಿ ತೂಗಿಹಾಕಿದ್ದು. ತೆಳ್ಳಗೆ ಕೊಯ್ದು ತಿನ್ನು, ಹಳೆಯ ಹಾಗೆ ಹಲ್ಲಿನಲ್ಲಿ ಕಚ್ಚಿ ಎಳೆಯಬೇಡ, ಈಗ ನಿನ್ನ ಹಲ್ಲೂ ಹೊಸದು.

ಕ್ರಿಸ್ಮಸ್ಸಿಗೆ ಮೊದಲ ನಾಲ್ಕು ಭಾನುವಾರದ ಮೇಣದಬತ್ತಿಗಳಲ್ಲಿ ಮೂರನೆಯದನ್ನು ಹಚ್ಚಿ ಬರೆಯಲು ಕೂತಿದ್ದೇನೆ. ನಿನ್ನೆ ಕ್ಲಾವಿಟ್ಟರ್ ಮನೆಗೇ ಬಂದಿದ್ದ. ಹುಳಿಕೆನೆಯ ಕೇಕು ಮಾಡಿದ್ದೆ, ಮೂರು ತುಂಡು ತಿಂದ, ಬುತ್ತಿ ಮರೆಯುವವರ ಹಸಿವು ಬೋಳುತಲೆಯಾದರೂ ಹೋಗುವುದಿಲ್ಲ. ನೌಕೆ ಈಗ ಸೀರಿಸ್‌ಗೆ ತೀರ ಹತ್ತಿರ ಇಳಿದಿದೆಯಂತೆ. ಆ ಬಿಳಿ ಏನೆಂದು ಗೊತ್ತಾಯಿತು ಎಂದ. ಹೇಳಬೇಡ, ನಾನೇ ಊಹಿಸುತ್ತೇನೆ ಎಂದು ನಾನು ಅನ್ನಲಿಲ್ಲ, ಆದರೆ ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿತ್ತು. ಉಪ್ಪು.

ತೊಂಬತ್ತು ಕಿಲೋಮೀಟರ್ ಅಗಲದ ಕುಳಿಯ ನಟ್ಟನಡುವೆ ಉಪ್ಪಿನ ತೇಪೆಗಳು. ಒಳಗೆ ಉಪ್ಪುನೀರು ಇದ್ದಿರಬೇಕು, ಈಗಲೂ ಇದ್ದರೂ ಇರಬಹುದು ಎನ್ನುತ್ತಾನೆ. ಅದು ಬಿರುಕುಗಳಲ್ಲಿ ಮೇಲೆ ಜಿನುಗುತ್ತದೆ, ಗಾಳಿಯಿಲ್ಲದ ಕಡೆ ನೀರು ಹಾರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಎಲ್ಲರೂ ಸತ್ತ ಕಲ್ಲೆಂದು ತಿಳಿದಿದ್ದರ ಹೊಟ್ಟೆಯಲ್ಲಿ ಒಂದು ಕಾಲಕ್ಕೆ ಸಮುದ್ರವೇ ಇತ್ತೋ ಏನೋ. ಅದಕ್ಕೇ ನೌಕೆಯ ಇಂಧನ ಮುಗಿದ ಮೇಲೂ ಅದನ್ನು ಅಲ್ಲಿ ಬೀಳಲು ಬಿಡುವುದಿಲ್ಲವಂತೆ. ನಮ್ಮ ಕೊಳೆ ಆ ನೀರಿಗೆ ಸೇರಬಾರದೆಂದು, ಎಷ್ಟೋ ದಶಕ ಸುಮ್ಮನೆ ಸುತ್ತುತ್ತಲೇ ಇರುವಂಥ ದಾರಿಯಲ್ಲಿ ಬಿಡುತ್ತಾರಂತೆ. ಅವನು ಖುಷಿಯಿಂದ ಹೇಳುತ್ತಿದ್ದ, ನನಗೆ ಎಗೊನ್ ನೆನಪಾದ.

ಎಗೊನ್ ಬೆಟ್ಟದಾಚೆಯ ಉಪ್ಪಿನ ಗಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದದ್ದು ನಿನಗೆ ಗೊತ್ತು. ಮದುವೆಯಾದ ಹೊಸದರಲ್ಲಿ, ಗಣಿಯಲ್ಲಿ ನಿನಗೆ ಯಾವುದರ ಭಯ ಎಂದು ಕೇಳಿದ್ದೆ. ಚಾವಣಿ ಕುಸಿಯುವುದು, ಸಿಡಿಮದ್ದು, ಇಂಥದ್ದೇನೋ ಹೇಳುತ್ತಾನೆಂದುಕೊಂಡರೆ, “ಬೆಳ್ಳಗಾಗೋ ಗೋಡೆ ಕಣೇ,” ಎಂದಿದ್ದ. “ಗೋಡೆ ಮೇಲೆ ಉಪ್ಪು ಹೂ ಬಿಡ್ತು ಅಂದ್ರೆ ಹಿಂದೆ ನೀರು ಬಂದಿದೆ ಅಂತ. ನೋಡೋಕೆ ಚೆನ್ನಾಗಿರುತ್ತೆ. ನೋಡ್ತಾ ನಿಂತವನು ಹೋದ.” ಇಡೀ ಜಗತ್ತು ಈಗ ಅದನ್ನೇ ನೋಡುತ್ತಾ ನಿಂತಿದೆ.

ಹೊರಡುವಾಗ ಕ್ಲಾವಿಟ್ಟರ್ ಚೀಲದಿಂದ ಇನ್ನೊಂದು ಚಿತ್ರ ತೆಗೆದ. ನಗುತ್ತಾ ತೆಗೆದ, ಉಡುಗೊರೆ ಕೊಡುವವನ ಹಾಗೆ. ಸಾವಿರಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಸೀರಿಸ್ ಕರಗಿ, ಬರೀ ಕ್ಯಾಮೆರಾದ ಸ್ವಂತ ಮುಖ ಉಳಿಯುತ್ತದಂತೆ. ಬೂದುಬಣ್ಣದ ಖಾಲಿ ಚೌಕ. ಎಡಗಡೆಯ ಮೇಲಿನ ಮೂಲೆಯಲ್ಲಿ, ಇದ್ದೂ ಇಲ್ಲದಷ್ಟು ತೆಳ್ಳಗೆ, ಒಂದು ಉಂಗುರ. ಬಿಳಿಯಲ್ಲ, ಕಪ್ಪು. ಗಾಜಿನ ಮೇಲಿನ ಕೊಳೆ ಬೆಳಕನ್ನು ತಡೆಯುತ್ತದೆ, ಕೊಡುವುದಿಲ್ಲ. ಇಷ್ಟು ಸಣ್ಣ ವಿಷಯ ಫೆಬ್ರವರಿಯಲ್ಲಿ ನನ್ನ ತಲೆಗೆ ಹೊಳೆದಿರಲಿಲ್ಲ ನೋಡು.

“ಇದನ್ನ ನಾವು ಕಾಫಿ ಲೋಟದ ಗುರುತು ಅಂತೀವಿ,” ಎಂದ. “ಏನೂ ತೊಂದ್ರೆ ಇಲ್ಲ. ಪ್ರತಿ ಚಿತ್ರದಿಂದಲೂ ಕಂಪ್ಯೂಟರ್ ಇದನ್ನ ಕಳೆದುಬಿಡುತ್ತೆ. ಏನಿರಬಹುದು ಕೋಲ್ಮನ್ ಅವ್ರೇ?”

ನೀರಿನ ಹನಿ ಇರಬಹುದು ಎಂದೆ. ನಿಮ್ಮ ಕೈಯಲ್ಲಿ ಹನಿ ಬೀಳುವುದು ಸಾಧ್ಯವೇ ಇಲ್ಲ, ಕಡತದಲ್ಲಿ ಎಂಟೂ ಸ್ಕ್ರೂಗಳ ಬಿಗಿತ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಹೊಸಬರಿಗೆ ತೋರಿಸುತ್ತೇನೆ ಎಂದ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೇಕಿನ ತಟ್ಟೆ ತೊಳೆದಿಟ್ಟೆ. ಇನ್ನು ಯಾರೂ ಏನೂ ಕೇಳುವುದಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ, ಅದಕ್ಕೆ ಈ ಪತ್ರ.

ಹೊಸ ವರ್ಷಕ್ಕೆ ಬರುತ್ತೇನೆ, ನೀನು ಒಪ್ಪಿದರೆ ಎಗೊನ್ ಸಮಾಧಿಯ ಮೇಲೆ ಒಂದು ದೀಪ ಇಡುತ್ತೇನೆ ಎಂದು ಬರೆದಿದ್ದೀಯ. ಒಪ್ಪಿದರೆ ಎನ್ನುವ ಮಾತು ಯಾಕೆ? ಬಾ. ಹಿಂದಿನ ಕೋಣೆಗೆ ಒಲೆ ಹಚ್ಚಿಸಿಡುತ್ತೇನೆ. ರೈಲು ಬದಲಿಸುವ ಕಡೆ ಓಡಬೇಡ, ಮೆಟ್ಟಿಲು ಜಾರುತ್ತದೆ, ಒಂದು ರೈಲು ತಪ್ಪಿದರೆ ಇನ್ನೊಂದು ಬರುತ್ತದೆ. ದೇವರು ನಿನ್ನ ಮಂಡಿಗೂ ಮನಸ್ಸಿಗೂ ತಂಪು ಕೊಡಲಿ. ಈ ಪತ್ರ ಪೂರ್ತಿ ಓದಿದ ಮೇಲೂ ಬರುವ ಮನಸ್ಸು ಉಳಿದಿರಲಿ.

ನಿನ್ನ
ರೋಸ್ವಿಥಾ

ವಿ.ಸೂ.: ಮರೆತು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಪೆನ್ಸಿಲಿನಲ್ಲಿ ಕೇಳಿದ್ದು ಸರಿ, ಆ ಕೋಣೆಯಲ್ಲಿ ಯಾರೂ ಬೆವರುವುದಿಲ್ಲ. ನಾನು ಅತ್ತಿದ್ದೆ. ಫೋನ್ ಹಿಡಿದು ಕಿಟಕಿಯಾಚೆ ನಿಂತ ನೀನು ನನಗೆ ಕಾಣುತ್ತಿದ್ದೆ. ನಿನ್ನ ಕೈ ಬಾಯಿಗೆ ಹೋಯಿತು, ನನ್ನ ಕಡೆ ನೋಡಿದೆ, ತಕ್ಷಣ ಬೆನ್ನು ತಿರುಗಿಸಿದೆ. ಅವತ್ತು ಬೆಳಿಗ್ಗೆ ಎಗೊನ್ ಎದೆ ತಿಕ್ಕಿಕೊಳ್ಳುತ್ತಾ ಕಾಫಿ ಕುಡಿದಿದ್ದ. ನನಗೆ ಎಲ್ಲಾ ಗೊತ್ತಾಯಿತು. ಆಗ ಹಾಕಿದ್ದು ಎರಡು ಸ್ಕ್ರೂ. ಎದ್ದು ಹೊರಟಿದ್ದರೆ ಎರಡೂ ಮುಕ್ಕಾಲು ದಾಟುವಷ್ಟರಲ್ಲಿ ಅವನ ಹತ್ತಿರ ಇರುತ್ತಿದ್ದೆ. ಉಳಿದ ಆರನ್ನೂ ಹಾಕಿದೆ, ಒಂದೊಂದರ ಬಿಗಿತ ನೋಡಿ ಬರೆದೆ. ಕ್ಯಾಮೆರಾದ ಮೇಲಿನ ಪ್ರೀತಿಗಲ್ಲ. ನಾನು ಒಳಗಿರುವಷ್ಟು ಹೊತ್ತು ಅವನಿಗೆ ಏನೂ ಆಗಿರುವುದಿಲ್ಲ, ಹೊರಗೆ ಕಾಲಿಟ್ಟರೆ ಆಗಿಬಿಡುತ್ತದೆ ಎಂಬ ಭಯಕ್ಕೆ. ಆ ಹನಿ ಯಾರಿಗಾದರೂ ಸಿಕ್ಕಿದರೆ ಯಾವ ಹೊತ್ತಿಗೆ ಬಿತ್ತು, ಯಾಕೆ ಬಿತ್ತು ಎಂದು ಕೇಳುತ್ತಾರೆ, ನಿನಗೂ ಗೊತ್ತಾಗುತ್ತದೆ ಎಂದೇ ಇಷ್ಟು ದಿನ ನಡುಗಿದ್ದು. ‘ಗಾಜು ತಟ್ಟೋಕೂ ನಿನಗೆ ಕೈ ಬರಲಿಲ್ವಾ?’ ಎಂದು ಸ್ಮಶಾನದಲ್ಲಿ ಕೇಳಿದೆನಲ್ಲ, ನೀನು ತಲೆ ತಗ್ಗಿಸಿಕೊಂಡು ಊರನ್ನೇ ಬಿಟ್ಟು ಹೋದೆಯಲ್ಲ. ತಟ್ಟದಿರಲಿ ದೇವರೇ, ತಟ್ಟದಿರಲಿ ಎಂದು ನಾನು ಒಳಗೆ ಕೂತು ಬೇಡಿಕೊಳ್ಳುತ್ತಿದ್ದೆ.